ವಿಮಾನವಾಹಕ ನೌಕೆಗೆ ಮುನ್ನೆಚ್ಚರಿಕೆಯ ಕಣ್ಣು: ಹಾಕ್‌ಐ, ಹೆಲಿಕಾಪ್ಟರ್, ದಡದ ವಿಮಾನ – ಯಾವುದು ಯಾವ ನೌಕೆಗೆ?

ಸಮುದ್ರದಲ್ಲಿ ರಾಡಾರ್‌ನ ನೋಟಕ್ಕೆ ಅಡ್ಡ ಬರುವುದು ಭೂಮಿಯ ದುಂಡುತನ. ರಾಡಾರ್ ಅಲೆಗಳು ವಾತಾವರಣದಲ್ಲಿ ತುಸು ಬಾಗಿ ಸಾಗುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ನೌಕೆಯ ಕಂಬದ ಮೇಲೆ 25 ಮೀಟರ್ ಎತ್ತರದಲ್ಲಿ ಕೂತಿರುವ ರಾಡಾರ್, ನೀರಿನಿಂದ ಐದು ಮೀಟರ್ ಮೇಲೆ ಹಾರಿಬರುವ ಕ್ಷಿಪಣಿಯನ್ನು ಸುಮಾರು 30 ಕಿ.ಮೀ. ಒಳಗೆ ಬರುವ ತನಕ ಕಾಣಲಾರದು. ಅದರ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಈ ಮಿತಿ ಬದಲಾಗುವುದಿಲ್ಲ. ಶಬ್ದಕ್ಕಿಂತ ಸ್ವಲ್ಪ ನಿಧಾನವಾಗಿ ಬರುವ ಕ್ಷಿಪಣಿಗೆ ಆ 30 ಕಿ.ಮೀ. ದಾಟಲು 100 ಸೆಕೆಂಡು ಸಾಕು. ಶಬ್ದದ ಎರಡೂವರೆ ಪಟ್ಟು ವೇಗದಲ್ಲಿ ಬರುವಂಥದ್ದಕ್ಕೆ 35 ಸೆಕೆಂಡು ಸಾಕು. ಕಾಡುಹಂದಿ ಕಾಯುವ ರೈತ ಹೊಲದಲ್ಲಿ ಅಟ್ಟಣೆ ಕಟ್ಟಿಕೊಳ್ಳುವುದು ಯಾವ ಕಾರಣಕ್ಕೋ, ನೌಕಾಪಡೆಗಳು ರಾಡಾರನ್ನು ಆಕಾಶಕ್ಕೆ ಏರಿಸುವುದೂ ಅದೇ ಕಾರಣಕ್ಕೆ.

ಹೀಗೆ ಏರಿಸಲು ಇಂದು ಮೂರು ದಾರಿಗಳಿವೆ. ನೌಕೆಯ ಡೆಕ್ಕಿನಿಂದಲೇ ಕೆಟಪಲ್ಟ್ ಯಂತ್ರದ ಬಲದಿಂದ ಚಿಮ್ಮುವ, ಬೆನ್ನ ಮೇಲೆ ತಟ್ಟೆಯಾಕಾರದ ರಾಡಾರ್ ಗುಮ್ಮಟ ಹೊತ್ತ ವಿಮಾನ ಮೊದಲನೆಯದು. ಅಮೆರಿಕದ ಗ್ರಮ್ಮನ್ ಕಂಪನಿಯ ಇ-2 ಹಾಕ್‌ಐ ಇದರ ಮಾದರಿ. ರಾಡಾರ್ ಹೊತ್ತ ಹೆಲಿಕಾಪ್ಟರ್ ಎರಡನೆಯದು. ಬ್ರಿಟನ್ನಿನ ಸೀ ಕಿಂಗ್ ಮತ್ತು ಮರ್ಲಿನ್, ರಷ್ಯಾದ ಕಮೋವ್-31 ಈ ಗುಂಪಿಗೆ ಸೇರುತ್ತವೆ. ದಡದ ನೆಲೆಯಿಂದ ಹಾರಿಬಂದು ನೌಕಾಪಡೆಯ ಮೇಲೆ ಕಾವಲು ನಿಲ್ಲುವ ದೊಡ್ಡ ವಿಮಾನ ಮೂರನೆಯದು. ಈ ಮೂರನ್ನು ತೂಗುವಾಗ ಹೆಚ್ಚಿನ ಚರ್ಚೆಗಳು ರಾಡಾರ್ ಎಷ್ಟು ದೂರ ನೋಡುತ್ತದೆ ಎಂಬ ಒಂದೇ ಅಂಕಿಯ ಸುತ್ತ ಸುತ್ತುತ್ತವೆ. ನನ್ನ ಎಣಿಕೆಯಲ್ಲಿ ಅದು ಮೂರನೆಯ ಪ್ರಶ್ನೆ. ಡೆಕ್ ಯಾವುದನ್ನು ಹೊರಬಲ್ಲದು ಎಂಬುದು ಮೊದಲ ಪ್ರಶ್ನೆ, ದಿನದ 24 ಗಂಟೆಗಳಲ್ಲಿ ಎಷ್ಟು ಗಂಟೆ ಆ ಕಣ್ಣು ತೆರೆದಿರುತ್ತದೆ ಎಂಬುದು ಎರಡನೆಯದು.

ಎತ್ತರದ ಲೆಕ್ಕ

ಕಮೋವ್-31 ಹೆಲಿಕಾಪ್ಟರ್ ಸುಮಾರು 3,500 ಮೀಟರ್ ಎತ್ತರದಲ್ಲಿ ಕಾವಲು ನಿಲ್ಲುತ್ತದೆ. ಅಲ್ಲಿಂದ ನೀರಿಗೆ ಅಂಟಿಕೊಂಡು ಬರುವ ಕ್ಷಿಪಣಿಯತ್ತ ನೇರ ನೋಟ ಸುಮಾರು 250 ಕಿ.ಮೀ. ತನಕ ಚಾಚುತ್ತದೆ. ಹಾಕ್‌ಐ 7,600 ಮೀಟರ್ ಎತ್ತರಕ್ಕೇರಿದರೆ ಅದೇ ನೋಟ 370 ಕಿ.ಮೀ. ಆಸುಪಾಸಿಗೆ ಮುಟ್ಟುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಕಂಬದಿಂದ ಹೆಲಿಕಾಪ್ಟರಿಗೆ ಏರಿದಾಗ ದಿಗಂತ ಎಂಟು ಪಟ್ಟು ಹಿಗ್ಗಿತು, ಹೆಲಿಕಾಪ್ಟರಿನಿಂದ ವಿಮಾನಕ್ಕೆ ಏರಿದಾಗ ಹಿಗ್ಗಿದ್ದು ಒಂದೂವರೆ ಪಟ್ಟು. ಆವರಿಸುವ ವಿಸ್ತೀರ್ಣವನ್ನು ಹಿಡಿದರೆ ಈ ಎರಡನೆಯ ಹೆಜ್ಜೆಯ ಲಾಭ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದು ಕಡಿಮೆಯೇನಲ್ಲ, ಆದರೆ ಹೆಲಿಕಾಪ್ಟರನ್ನು ಕೀಳಾಗಿ ಕಾಣುವವರು ಊಹಿಸಿಕೊಳ್ಳುವಷ್ಟೂ ಅಲ್ಲ. ಏನೂ ಇಲ್ಲದ ನೌಕೆಗೂ ಹೆಲಿಕಾಪ್ಟರ್ ಇರುವ ನೌಕೆಗೂ ನಡುವಿನ ಅಂತರ, ಹೆಲಿಕಾಪ್ಟರ್ ಇರುವ ನೌಕೆಗೂ ಹಾಕ್‌ಐ ಇರುವ ನೌಕೆಗೂ ನಡುವಿನ ಅಂತರಕ್ಕಿಂತ ಬಹಳ ದೊಡ್ಡದು.

1982ರ ಫಾಕ್‌ಲ್ಯಾಂಡ್ಸ್ ಯುದ್ಧ ಇದನ್ನು ಎಲ್ಲರಿಗೂ ಮನದಟ್ಟು ಮಾಡಿತು. ಬ್ರಿಟನ್ನಿನ ನೌಕಾಪಡೆಯ ಬಳಿ ಅದಕ್ಕೆ ಮೊದಲು ಗ್ಯಾನೆಟ್ ಎಂಬ ಮುನ್ನೆಚ್ಚರಿಕೆ ವಿಮಾನವಿತ್ತು. ಪೈಲಟ್ ಒಬ್ಬ, ವೀಕ್ಷಕರು ಇಬ್ಬರು, ಹೊಟ್ಟೆಯಡಿ ದುಂಡನೆಯ ರಾಡಾರ್ ಗುಮ್ಮಟ. 44 ವಿಮಾನಗಳು ತಯಾರಾಗಿ, 1960ರಿಂದ ಸೇವೆಯಲ್ಲಿದ್ದವು. ಅವುಗಳನ್ನು ಹೊರಬಲ್ಲ ಕೊನೆಯ ನೌಕೆ ಆರ್ಕ್ ರಾಯಲ್ 1978ರಲ್ಲಿ ಕೊನೆಯ ಯಾನ ಮುಗಿಸಿದಾಗ ಗ್ಯಾನೆಟ್ ಕೂಡ ಹೋಯಿತು. ದಡದಿಂದ ಹಾರುವ ವಾಯುಪಡೆಯ ಶ್ಯಾಕಲ್ಟನ್ ವಿಮಾನಗಳು ನೌಕಾಪಡೆಗೂ ಕಾವಲು ಕೊಡುತ್ತವೆ ಎಂಬ ಭರವಸೆ ಉಳಿಯಿತು. ಆ ಶ್ಯಾಕಲ್ಟನ್‌ಗಳಲ್ಲಿದ್ದದ್ದೂ ಗ್ಯಾನೆಟ್‌ಗಳಿಂದ ಬಿಚ್ಚಿ ತಂದ ರಾಡಾರ್‌ಗಳೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ರೂಪಿಸಿದ್ದ ಆ ರಾಡಾರ್ ಮಾದರಿ ಬ್ರಿಟನ್ನಿನಲ್ಲಿ 1991ರ ತನಕ ದುಡಿಯಿತೆಂದರೆ ಈ ಕೆಲಸಕ್ಕೆ ಅಲ್ಲಿ ಸಿಕ್ಕ ಆದ್ಯತೆ ಎಷ್ಟೆಂದು ತಿಳಿಯುತ್ತದೆ.

ಯುದ್ಧ ನಡೆದದ್ದು ಬ್ರಿಟನ್ನಿನಿಂದ ಸುಮಾರು 13,000 ಕಿ.ಮೀ. ದೂರದಲ್ಲಿ. ಶ್ಯಾಕಲ್ಟನ್ ಅಲ್ಲಿಗೆ ಬರುವಂತಿರಲಿಲ್ಲ. ಹರ್ಮಿಸ್ ಮತ್ತು ಇನ್‌ವಿನ್ಸಿಬಲ್ ಎಂಬ ಎರಡು ವಿಮಾನವಾಹಕ ನೌಕೆಗಳ ಮುಂದೆ, ಕಾವಲು ರಾಡಾರ್‌ಗಳಾಗಿ ಯುದ್ಧನೌಕೆಗಳನ್ನೇ ನಿಲ್ಲಿಸಬೇಕಾಯಿತು. 1982ರ ಮೇ 4ರಂದು ಅರ್ಜೆಂಟೀನಾದ ಎರಡು ಸೂಪರ್ ಎತಾಂದಾರ್ ವಿಮಾನಗಳು ನೀರಿನ ಮೇಲೆಯೇ ತಗ್ಗಿ ಹಾರಿಬಂದು ಎಕ್ಸೊಸೆಟ್ ಕ್ಷಿಪಣಿ ಬಿಟ್ಟವು. ಹಾಗೆ ಕಾವಲು ನಿಂತಿದ್ದ ಶೆಫೀಲ್ಡ್ ನೌಕೆಗೆ ಅದು ಬಡಿದು 20 ಮಂದಿ ಸತ್ತರು, ನೌಕೆ ಮುಳುಗಿತು. ಮೇ 25ರಂದು ಸರಕು ಹೊತ್ತಿದ್ದ ಅಟ್ಲಾಂಟಿಕ್ ಕನ್ವೇಯರ್ ಕೂಡ ಅದೇ ಬಗೆಯ ಕ್ಷಿಪಣಿಗೆ ತುತ್ತಾಯಿತು. (ಆ ಹರ್ಮಿಸ್ ನೌಕೆಯೇ 1987ರಲ್ಲಿ ಭಾರತಕ್ಕೆ ಬಂದು ಐ.ಎನ್.ಎಸ್. ವಿರಾಟ್ ಆಯಿತು.)

ಹಾಕ್‌ಐ: ಅದು ಬೆಳೆದ ಬಗೆ

ಅಮೆರಿಕ ಈ ಪಾಠವನ್ನು 1945ರಲ್ಲೇ ಕಲಿತಿತ್ತು. ಒಕಿನಾವಾ ಸಮರದಲ್ಲಿ ಜಪಾನಿನ ಆತ್ಮಾಹುತಿ ವಿಮಾನಗಳ ಮುನ್ಸೂಚನೆಗೆಂದು ದೂರದಲ್ಲಿ ನಿಲ್ಲಿಸಿದ್ದ ವಿಧ್ವಂಸಕ ನೌಕೆಗಳೇ ಮೊದಲು ಪೆಟ್ಟು ತಿನ್ನುತ್ತಿದ್ದವು. ಕ್ಯಾಡಿಲ್ಯಾಕ್ ಎಂಬ ಹೆಸರಿನ ಯೋಜನೆಯಲ್ಲಿ ಅವೆಂಜರ್ ವಿಮಾನದ ಹೊಟ್ಟೆಗೆ ರಾಡಾರ್ ಕಟ್ಟಿದರು. ಅದು ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದಿತ್ತು. ಮುಂದೆ ಸ್ಕೈರೇಡರ್ ಬಂತು, ಆಮೇಲೆ ಬೆನ್ನ ಮೇಲೆ ಗುಮ್ಮಟ ಹೊತ್ತ ಟ್ರೇಸರ್ ಬಂತು. ಇವೆಲ್ಲ ಬೇರೆ ಕೆಲಸಕ್ಕೆಂದು ಮಾಡಿದ ವಿಮಾನಗಳ ಮೇಲೆ ರಾಡಾರ್ ಹೊರಿಸಿದ ಏರ್ಪಾಡುಗಳು.

1960ರ ಅಕ್ಟೋಬರ್ 21ರಂದು ಮೊದಲ ಬಾರಿ ಹಾರಿದ ಹಾಕ್‌ಐ, ಮುನ್ನೆಚ್ಚರಿಕೆಯೊಂದೇ ಕೆಲಸವೆಂದು ಮೊದಲಿನಿಂದ ರೂಪಿಸಿದ ನೌಕಾ ವಿಮಾನ. ಅದರ ಪ್ರತಿಯೊಂದು ವಿಚಿತ್ರ ಲಕ್ಷಣಕ್ಕೂ ನೌಕೆಯ ಇಕ್ಕಟ್ಟೇ ಕಾರಣ. ಏಳು ಮೀಟರಿಗೂ ಮೀರಿದ ಅಡ್ಡಗಲದ ರಾಡಾರ್ ಗುಮ್ಮಟವನ್ನು, ಕೆಳಡೆಕ್ಕಿನ ಹ್ಯಾಂಗರಿನಲ್ಲಿ ನಿಲ್ಲಿಸುವಾಗ ಸ್ವಲ್ಪ ತಗ್ಗಿಸಬಹುದು. ಒಂದು ಎತ್ತರದ ಬಾಲರೆಕ್ಕೆಯ ಬದಲು ನಾಲ್ಕು ಗಿಡ್ಡ ರೆಕ್ಕೆಗಳಿವೆ. ಹ್ಯಾಂಗರಿನ ಚಾವಣಿ ಒಂದು ಕಾರಣ, ಗುಮ್ಮಟದ ಹಿಂದೆ ಕಲಕುವ ಗಾಳಿಯಲ್ಲೂ ವಿಮಾನದ ಹಿಡಿತ ತಪ್ಪಬಾರದೆಂಬುದು ಇನ್ನೊಂದು. 24.5 ಮೀಟರ್ ಅಗಲದ ಮುಖ್ಯ ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಎರಡು ಟರ್ಬೊಪ್ರಾಪ್ ಎಂಜಿನ್‌ಗಳು ಸುಮಾರು 26 ಟನ್ ತೂಕವನ್ನು ಹೊತ್ತೊಯ್ಯುತ್ತವೆ. ಒಳಗೆ ಐವರು: ಪೈಲಟ್‌ಗಳಿಬ್ಬರು, ರಾಡಾರ್ ಪರದೆಗಳ ಮುಂದೆ ಮೂವರು. ಯುದ್ಧವಿಮಾನಗಳಲ್ಲಿರುವ, ಅಪಾಯದಲ್ಲಿ ಹೊರಚಿಮ್ಮುವ ಆಸನ ಇದರಲ್ಲಿಲ್ಲ.

ಕೊಳ್ಳುವವರು ಅದರ ಮೊದಲ ಹತ್ತು ವರ್ಷಗಳ ಕಥೆಯನ್ನು ತಪ್ಪದೆ ಓದಬೇಕು. 1964ರಲ್ಲಿ ಸೇವೆಗೆ ಬಂದ ಇ-2ಎ ಮಾದರಿ ಪದೇ ಪದೇ ಕೆಡುತ್ತಿತ್ತು. ಚಿಕ್ಕ ಒಡಲಿನೊಳಗೆ ಒತ್ತೊತ್ತಾಗಿ ತುಂಬಿದ ಎಲೆಕ್ಟ್ರಾನಿಕ್ ಉಪಕರಣಗಳು ಬಿಸಿಯೇರುತ್ತಿದ್ದವು, ತಂಪಾಗಿಸುವ ವ್ಯವಸ್ಥೆ ಸಾಲುತ್ತಿರಲಿಲ್ಲ, ಹಳೆಯ ಬಗೆಯ ಗಣಕಯಂತ್ರ ಭಾರ ತಾಳುತ್ತಿರಲಿಲ್ಲ. ಹೊಸ ಗಣಕಯಂತ್ರ ಕೂರಿಸಿ ಅವನ್ನೇ ಇ-2ಬಿ ಮಾಡಿದರು. 1971ರಲ್ಲಿ ಹಾರಿ 1973ರಲ್ಲಿ ಸೇವೆಗಿಳಿದ ಇ-2ಸಿ ಬಂದ ಮೇಲೆಯೇ ವಿಮಾನ ಭರವಸೆಗೆ ಯೋಗ್ಯವಾಯಿತು. ನೆಲದ ಮೇಲಿನ ಗೊಂದಲದ ಪ್ರತಿಧ್ವನಿಗಳ ನಡುವೆಯೂ ಗುರಿಯನ್ನು ಹೆಕ್ಕುವ ಶಕ್ತಿ ಹಂತಹಂತವಾಗಿ ಕೂಡಿಕೊಂಡಿತು. ಅಂದರೆ ಹಣಕ್ಕೂ ಅನುಭವಕ್ಕೂ ಕೊರತೆಯಿಲ್ಲದ ನೌಕಾಪಡೆಯೊಂದಕ್ಕೆ ಮೊದಲ ಹಾರಾಟದಿಂದ ನಂಬಿಕೆಯ ಯಂತ್ರದ ತನಕ ಬರಲು 13 ವರ್ಷ ಹಿಡಿಯಿತು. ಸ್ವಂತದ್ದೊಂದನ್ನು ನಾಲ್ಕೈದು ವರ್ಷಗಳಲ್ಲಿ ಮಾಡಿಕೊಡುತ್ತೇವೆನ್ನುವ ಯಾರ ಮಾತನ್ನೇ ಆದರೂ ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಆಮೇಲಿನ ಸೇವೆ ಉಜ್ವಲವಾದುದು. 1981ರ ಆಗಸ್ಟ್‌ನಲ್ಲಿ ಸಿದ್ರಾ ಕೊಲ್ಲಿಯ ಮೇಲೆ ಲಿಬಿಯಾದ ಎರಡು ಸುಖೋಯ್ ವಿಮಾನಗಳನ್ನು ಉರುಳಿಸಿದ ಎಫ್-14 ಪೈಲಟ್‌ಗಳಿಗೆ ದಾರಿ ತೋರಿದ್ದು ಇ-2ಸಿ. 1985ರ ಅಕ್ಟೋಬರ್‌ನಲ್ಲಿ ಅಕಿಲೆ ಲಾವ್ರೊ ಹಡಗಿನ ಅಪಹರಣಕಾರರನ್ನು ಹೊತ್ತೊಯ್ಯುತ್ತಿದ್ದ ಈಜಿಪ್ಟಿನ ಬೋಯಿಂಗ್ ವಿಮಾನವನ್ನು, ರಾತ್ರಿಯ ಮೆಡಿಟರೇನಿಯನ್ ಆಕಾಶದ ನಾಗರಿಕ ಸಂಚಾರದ ನಡುವಿನಿಂದ ಹುಡುಕಿ ತಡೆಯಲು ನೆರವಾದದ್ದೂ ಅದೇ. 1982ರಲ್ಲಿ ಲೆಬನಾನಿನ ಬೆಕಾ ಕಣಿವೆಯ ಮೇಲಿನ ವಾಯುಸಮರದಲ್ಲಿ ಇಸ್ರೇಲ್ ಇದನ್ನು ದಡದ ನೆಲೆಯಿಂದ ಬಳಸಿತು. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ರಕ್ಷಣಾ ಹೆಲಿಕಾಪ್ಟರ್‌ಗಳ ಸಂಚಾರ ನಿಯಂತ್ರಿಸಲು ಹಾಕ್‌ಐ ಮೇಲೇರಿತ್ತು. ಈ ಎಲ್ಲ ಸಂದರ್ಭಗಳಲ್ಲೂ ರಾಡಾರ್ ನೋಡಿದ್ದನ್ನು ಅರ್ಥೈಸಿ, ಯಾರು ಯಾವ ಕಡೆ ತಿರುಗಬೇಕೆಂದು ಅಲ್ಲೇ ತೀರ್ಮಾನಿಸಿ ಹೇಳುವ ಮೂವರು ವಿಮಾನದೊಳಗೇ ಇದ್ದರು ಎಂಬುದನ್ನು ನೆನಪಿನಲ್ಲಿಡಬೇಕು. ಹೆಲಿಕಾಪ್ಟರಿನ ಜತೆ ಹೋಲಿಸುವಾಗ ಇದು ದೊಡ್ಡ ಅಂಶವಾಗುತ್ತದೆ.

ಇಂದಿನ ಮಾದರಿ ಇ-2ಡಿ. 2007ರಲ್ಲಿ ಹಾರಿ, 2014ರಲ್ಲಿ ಸೇವೆಗೆ ಸಜ್ಜಾಯಿತು. ಹೊರಗಿನಿಂದ ಹಳೆಯದರಂತೆಯೇ ಕಂಡರೂ ಗುಮ್ಮಟದೊಳಗಿನ ರಾಡಾರ್ ಹೊಸದು: ಗುಮ್ಮಟ ತಿರುಗುತ್ತಲೇ, ಅಲೆಯ ದಿಕ್ಕನ್ನು ಎಲೆಕ್ಟ್ರಾನಿಕ್ ವಿಧಾನದಿಂದಲೂ ಹೊರಳಿಸಿ, ಬೇಕಾದ ಕಡೆ ಹೆಚ್ಚು ಹೊತ್ತು ದೃಷ್ಟಿಯಿಡಬಲ್ಲದು. ತೀರ ಅಗತ್ಯವಿದ್ದರೆ ಸಹಪೈಲಟ್ ಕೂಡ ನಾಲ್ಕನೆಯ ಪರದೆಯ ಕೆಲಸ ನಿಭಾಯಿಸಬಹುದು. ಆಕಾಶದಲ್ಲೇ ಇಂಧನ ತುಂಬಿಕೊಳ್ಳುವ ಸೌಲಭ್ಯವುಳ್ಳ ವಿಮಾನಗಳು 2019ರಿಂದ ಬರತೊಡಗಿದವು. ನನ್ನ ಮಟ್ಟಿಗೆ ರಾಡಾರಿನ ಸುಧಾರಣೆಗಿಂತ ಇದೇ ಮುಖ್ಯ, ಏಕೆಂದರೆ ಅದು ಕಾವಲಿನ ಗಂಟೆಗಳನ್ನು ಹೆಚ್ಚಿಸುತ್ತದೆ.

ಡೆಕ್ ಒಪ್ಪದಿದ್ದರೆ

ಹಾಕ್‌ಐ ಬೇಕೆಂದರೆ ಕೆಟಪಲ್ಟ್ ಬೇಕು, ಇಳಿಯುವಾಗ ತಡೆಯುವ ತಂತಿಗಳು ಬೇಕು, ಸಾಕಷ್ಟು ಉದ್ದದ ಡೆಕ್ ಬೇಕು. ಅಮೆರಿಕದ ಒಂದು ಲಕ್ಷ ಟನ್ನಿನ ನೌಕೆಗಳಿಗೆ ಇದು ಸಮಸ್ಯೆಯಲ್ಲ. ಸುಮಾರು 42,000 ಟನ್ನಿನ ಫ್ರಾನ್ಸಿನ ಶಾರ್ಲ್ ದ ಗಾಲ್ ನೌಕೆಯ ಅನುಭವ ಹೆಚ್ಚು ಉಪಯುಕ್ತ. ನೌಕೆ ನೀರಿಗಿಳಿದ ಮೇಲೆ, ಹಾಕ್‌ಐ ಸುರಕ್ಷಿತವಾಗಿ ಇಳಿದು ತಿರುಗಲು ಓರೆ ಡೆಕ್ಕನ್ನು ನಾಲ್ಕು ಮೀಟರಿಗೂ ಹೆಚ್ಚು ಉದ್ದ ಮಾಡಬೇಕಾಯಿತು. ಅದನ್ನು ಮಾಡಿಸಿಕೊಂಡ ಮೇಲೆ, ಅಮೆರಿಕದ ಹೊರಗೆ ಹಾಕ್‌ಐಯನ್ನು ನೌಕೆಯಿಂದ ಹಾರಿಸುವ ಏಕೈಕ ದೇಶವಾಗಿ ಫ್ರಾನ್ಸ್ ಉಳಿದುಕೊಂಡಿದೆ. ಜಪಾನ್, ಈಜಿಪ್ಟ್, ತೈವಾನ್ ಇದನ್ನು ಬಳಸುವುದು ದಡದಿಂದ.

ಫ್ರಾನ್ಸಿನ ಬಳಿ ಇರುವುದು ಮೂರು ವಿಮಾನ. ಒಂದು ದುರಸ್ತಿಯಲ್ಲಿದ್ದರೆ ಎರಡು ನೌಕೆಯಲ್ಲಿ. ಅಮೆರಿಕದ ನೌಕೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ. ನೌಕೆಯಿಂದ 320 ಕಿ.ಮೀ. ಆಚೆ ಹೋಗಿ ಹಾಕ್‌ಐ ನಾಲ್ಕು ಗಂಟೆಗೂ ಮೀರಿ ಕಾವಲು ನಿಲ್ಲಬಲ್ಲದು; ಹಾಗಾಗಿ ಹಗಲಿರುಳೂ ಒಂದು ಕಣ್ಣು ಮೇಲಿರಬೇಕಾದರೆ ದಿನಕ್ಕೆ ಐದಾರು ಹಾರಾಟ ಬೇಕು. ಎರಡೇ ವಿಮಾನಗಳಿಂದ ಇದನ್ನು ಕೆಲವು ದಿನ ನಡೆಸಬಹುದು, ವಾರಗಟ್ಟಲೆ ನಡೆಸಲಾಗದು. 2020ರಲ್ಲಿ ಮೂರು ಇ-2ಡಿಗಳನ್ನು ಫ್ರಾನ್ಸಿಗೆ ಮಾರಲು ಅಮೆರಿಕ ಒಪ್ಪಿಗೆ ಕೊಟ್ಟಾಗ ಬಿಡಿಭಾಗ, ತರಬೇತಿ ಸೇರಿ ಅಂದಾಜಿಸಿದ ಗರಿಷ್ಠ ವೆಚ್ಚ 200 ಕೋಟಿ ಡಾಲರ್. ಈ ಬೆಲೆಯಲ್ಲಿ ನಾಲ್ಕನೆಯದನ್ನು ಕೇಳುವುದು ಸುಲಭವಲ್ಲ, ಆದರೆ ಮೂರರಲ್ಲಿ ನಿಂತರೆ ಸಿಗುವುದು ಅರ್ಧ ಕಾವಲು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮೂತಿ ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಡೆಕ್ಕಿನಿಂದ ಹಾಕ್‌ಐಯನ್ನು ಯಾವ ನೌಕಾಪಡೆಯೂ ಸೇವೆಯಲ್ಲಿ ಹಾರಿಸಿಲ್ಲ. ಬ್ರಿಟನ್ ಈ ಗೋಡೆಗೆ ನೇರವಾಗಿ ಬಡಿಯಿತು. ಕ್ವೀನ್ ಎಲಿಜಬೆತ್ ವರ್ಗದ ನೌಕೆಗಳಿಗೆ ಕೆಟಪಲ್ಟ್ ಕೂರಿಸಲು 2010ರಲ್ಲಿ ನಿರ್ಧರಿಸಿ, ವೆಚ್ಚ ಏರಿದ್ದನ್ನು ಕಂಡು 2012ರಲ್ಲಿ ಕೈಬಿಟ್ಟಿತು. ಆ ಒಂದು ತೀರ್ಮಾನದೊಂದಿಗೆ ಮುನ್ನೆಚ್ಚರಿಕೆ ವಿಮಾನದ ಆಯ್ಕೆಯೂ ಮುಗಿದು, ಹೆಲಿಕಾಪ್ಟರ್ ಒಂದೇ ಉಳಿಯಿತು. ಸೋವಿಯತ್ ಒಕ್ಕೂಟದ ಕಥೆ ಇನ್ನೂ ಕಠೋರ: ಉಲ್ಯಾನೊವ್ಸ್ಕ್ ಎಂಬ ಕೆಟಪಲ್ಟ್ ನೌಕೆಗಾಗಿ ಯಾಕೊವ್ಲೆವ್ ಸಂಸ್ಥೆ ಯಾಕ್-44 ಎಂಬ, ಹಾಕ್‌ಐಯನ್ನೇ ಹೋಲುವ ವಿಮಾನ ರೂಪಿಸುತ್ತಿತ್ತು, ಒಕ್ಕೂಟ ಒಡೆದ ಮೇಲೆ ಅರ್ಧ ಕಟ್ಟಿದ ನೌಕೆಯನ್ನು ಕಡಿದು ಗುಜರಿಗೆ ಹಾಕಿದರು, ವಿಮಾನ ಪೂರ್ಣಗಾತ್ರದ ಪ್ರತಿರೂಪದ ಹಂತದಲ್ಲೇ ನಿಂತಿತು.

ಚೀನಾ ಸಾಗಿದ್ದು ಎದುರು ದಿಕ್ಕಿನಲ್ಲಿ. ಸ್ಕೀ-ಜಂಪ್ ಇರುವ ಮೊದಲ ಎರಡು ನೌಕೆಗಳಲ್ಲಿ ಹೆಲಿಕಾಪ್ಟರ್ ಬಳಸುತ್ತ, ಮೂರನೆಯದಾದ ಫುಜಿಯಾನ್‌ಗೆ ವಿದ್ಯುತ್ಕಾಂತೀಯ ಕೆಟಪಲ್ಟ್ ಅಳವಡಿಸಿತು, ಅದಕ್ಕೆಂದೇ ಕೆಜೆ-600 ವಿಮಾನವನ್ನು ಸಿದ್ಧಪಡಿಸಿತು. 2020ರಲ್ಲಿ ಮೊದಲು ಹಾರಿದ ಅದು 2025ರಲ್ಲಿ ಆ ಡೆಕ್ಕಿನಿಂದ ಚಿಮ್ಮಿತು. ನಾಲ್ಕು ಬಾಲರೆಕ್ಕೆ, ಬೆನ್ನ ಮೇಲಿನ ಗುಮ್ಮಟ, ಎರಡು ಟರ್ಬೊಪ್ರಾಪ್. ಒಂದೇ ಲೆಕ್ಕ ಬಿಡಿಸಿದವರಿಗೆ ಒಂದೇ ಉತ್ತರ ಬಂದಿದೆ.

ಹೆಲಿಕಾಪ್ಟರ್‌ಗಳಲ್ಲಿ ಯಾವುದು

ಫಾಕ್‌ಲ್ಯಾಂಡ್ಸ್ ಪೆಟ್ಟಿನ ನಂತರ ಬ್ರಿಟನ್, ಗಸ್ತು ವಿಮಾನಕ್ಕೆಂದು ಮಾಡಿದ್ದ ಸರ್ಚ್‌ವಾಟರ್ ರಾಡಾರನ್ನು ಸೀ ಕಿಂಗ್ ಹೆಲಿಕಾಪ್ಟರಿನ ಪಕ್ಕಕ್ಕೆ, ಗಾಳಿ ತುಂಬಿ ಉಬ್ಬಿಸುವ ಚೀಲದಂಥ ಹೊದಿಕೆಯೊಳಗೆ ಕಟ್ಟಿತು. ಇದಕ್ಕೆ ಹಿಡಿದದ್ದು 11 ವಾರ. ಆಗಸ್ಟ್ 1982ರಲ್ಲಿ ಇಲಸ್ಟ್ರಿಯಸ್ ನೌಕೆಯೊಡನೆ ದಕ್ಷಿಣಕ್ಕೆ ಹೊರಟಾಗ ಯುದ್ಧ ಮುಗಿದಿತ್ತಾದರೂ, ತುರ್ತಿಗೆ ಹುಟ್ಟಿದ ಆ ಏರ್ಪಾಡು ಸುಧಾರಿಸುತ್ತ ಸುಧಾರಿಸುತ್ತ 2018ರ ತನಕ ಬಾಳಿತು; ಕೊನೆಯ ವರ್ಷಗಳಲ್ಲಿ ಸಮುದ್ರವೇ ಇಲ್ಲದ ಅಫ್ಘಾನಿಸ್ತಾನದಲ್ಲಿ ನೆಲದ ಮೇಲಿನ ಚಲನವಲನ ನೋಡುವ ಕೆಲಸವನ್ನೂ ಮಾಡಿತು. ಹಾಕ್‌ಐಯ 13 ವರ್ಷದ ಪಕ್ಕದಲ್ಲಿ ಈ 11 ವಾರಗಳನ್ನಿಟ್ಟರೆ ಹೆಲಿಕಾಪ್ಟರಿನ ದೊಡ್ಡ ಗುಣ ತಿಳಿಯುತ್ತದೆ: ಇರುವ ಡೆಕ್ಕಿಗೆ, ಇರುವ ಯಂತ್ರಕ್ಕೆ, ಇರುವ ರಾಡಾರ್ ಹೊಂದಿಸಿ ಬೇಗ ಕೆಲಸಕ್ಕಿಳಿಸಬಹುದು.

ಅದರ ಉತ್ತರಾಧಿಕಾರಿ, ಮರ್ಲಿನ್ ಹೆಲಿಕಾಪ್ಟರಿನ ಮೇಲೆ ಕೂರಿಸಿದ ಕ್ರೋಸ್‌ನೆಸ್ಟ್ ವ್ಯವಸ್ಥೆ, 2021ರಲ್ಲಿ ಕ್ವೀನ್ ಎಲಿಜಬೆತ್ ನೌಕೆಯ ಜತೆ ಹಿಂದೂ ಮಹಾಸಾಗರಕ್ಕೂ ಬಂದಿತ್ತು. ತಡವಾಗಿ, ಕಂತುಕಂತಾಗಿ ಸಿದ್ಧವಾದ ಅದನ್ನು ಸೇವೆಗೆ ಯೋಗ್ಯವೆಂದು ಘೋಷಿಸಿದ್ದು 2023ರಲ್ಲಿ, ನಿವೃತ್ತಿಗೊಳಿಸುವ ಯೋಜನೆ 2029ಕ್ಕೆ. ಅದರ ನಿಜವಾದ ತೊಡಕು ಬೇರೆಡೆ ಇದೆ. ಮರ್ಲಿನ್‌ನ ಮೂಲ ಕೆಲಸ ಜಲಾಂತರ್ಗಾಮಿಗಳ ಬೇಟೆ. ಕ್ರೋಸ್‌ನೆಸ್ಟ್ ಕಟ್ಟಿದ ಪ್ರತಿ ಮರ್ಲಿನ್, ಆ ಹೊತ್ತಿಗೆ ಬೇಟೆಯ ಸಾಲಿನಿಂದ ಒಂದು ಕಡಿಮೆಯಾದಂತೆ. ಒಟ್ಟು 30 ಹೆಲಿಕಾಪ್ಟರ್‌ಗಳಿರುವ ಪಡೆಯಲ್ಲಿ ಈ ಕಡಿತ ನೋವಿನದು. ಸ್ವಂತ ಹೆಲಿಕಾಪ್ಟರ್ ಪಡೆ ಚಿಕ್ಕದಾಗಿರುವ ದೇಶ ಬಿಚ್ಚಿ ಕಟ್ಟುವ ಇಂಥ ವ್ಯವಸ್ಥೆಯನ್ನು ಅಗ್ಗವೆಂದು ಆರಿಸಿಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು.

ಭಾರತದ ಆಯ್ಕೆ ಕಮೋವ್-31. 1999ರಲ್ಲಿ ಮೊದಲ ನಾಲ್ಕನ್ನು ಕೇಳಿ, ಮುಂದೆ ಕಂತುಗಳಲ್ಲಿ ಸೇರಿಸಿ ಒಟ್ಟು 14 ಪಡೆಯಲಾಯಿತು; ಅವುಗಳ ದಳದ ನೆಲೆ ಗೋವಾದ ಐ.ಎನ್.ಎಸ್. ಹಂಸ. ಕಾರವಾರದ ಕದಂಬ ನೌಕಾನೆಲೆಯನ್ನು ತವರು ಮಾಡಿಕೊಂಡಿರುವ ವಿಕ್ರಮಾದಿತ್ಯದಿಂದಲೂ, ಕೆಲವು ಯುದ್ಧನೌಕೆಗಳಿಂದಲೂ ಇವು ಹಾರುತ್ತವೆ. ಒಂದರ ಮೇಲೊಂದು ಎದುರುಬದುರಾಗಿ ತಿರುಗುವ ರೆಕ್ಕೆಗಳಿರುವುದರಿಂದ ಉದ್ದನೆಯ ಬಾಲ ಬೇಕಾಗುವುದಿಲ್ಲ, ಸಣ್ಣ ಡೆಕ್ಕಿಗೂ ಹೊಂದುತ್ತದೆ. ಹೊಟ್ಟೆಯಡಿ ಮಡಚಿಟ್ಟ, ಸುಮಾರು ಆರು ಮೀಟರ್ ಉದ್ದದ ಹಲಗೆಯಂಥ ಆಂಟೆನಾ ಮೇಲೇರಿದ ಮೇಲೆ ಕೆಳಗಿಳಿದು ತಿರುಗತೊಡಗುತ್ತದೆ, ಅದಕ್ಕೆ ಅಡ್ಡವಾಗದಂತೆ ಚಕ್ರಗಳು ಮೇಲೆ ಸರಿಯುತ್ತವೆ. ಯುದ್ಧವಿಮಾನದ ಗಾತ್ರದ ಗುರಿಯನ್ನು ಅದು 100ರಿಂದ 150 ಕಿ.ಮೀ. ದೂರದಲ್ಲಿ ಗುರುತಿಸುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂಕಿ. ದಿಗಂತ 250 ಕಿ.ಮೀ. ಇದ್ದರೂ ರಾಡಾರ್ ಆ ತನಕ ತಲುಪುವುದಿಲ್ಲ. ಎತ್ತರ ಕೊಟ್ಟದ್ದನ್ನು ರಾಡಾರ್ ಪೂರ್ತಿ ಬಳಸಿಕೊಳ್ಳುತ್ತಿಲ್ಲ ಎಂದರ್ಥ.

ಅದರೊಳಗೆ ಇರುವವರು ಇಬ್ಬರು: ಪೈಲಟ್ ಮತ್ತು ನ್ಯಾವಿಗೇಟರ್. ಕಂಡದ್ದನ್ನು ರೇಡಿಯೊ ಕೊಂಡಿಯ ಮೂಲಕ ನೌಕೆಗೆ ಕಳಿಸುವುದು ಅದರ ಕೆಲಸ, ತೀರ್ಮಾನ ನಡೆಯುವುದು ನೌಕೆಯಲ್ಲಿ. ಬ್ರಿಟನ್ನಿನ ಸೀ ಕಿಂಗ್‌ನಲ್ಲಿ ಪರದೆಯ ಮುಂದೆ ಕೂರುವ ಇಬ್ಬರು ವೀಕ್ಷಕರು ಯುದ್ಧವಿಮಾನಗಳಿಗೆ ತಾವೇ ದಾರಿ ಹೇಳಬಲ್ಲವರಾಗಿದ್ದರು. ಎರಡೂ ಹೆಲಿಕಾಪ್ಟರೇ ಆದರೂ ಒಂದು ಹಾರುವ ಕಂಬ, ಇನ್ನೊಂದು ಹಾರುವ ನಿಯಂತ್ರಣ ಕೊಠಡಿ. ಕೊಂಡಿ ಕಡಿದರೆ ಮೊದಲನೆಯದು ಕಂಡದ್ದು ಯಾರಿಗೂ ತಲುಪದು. ಹೆಲಿಕಾಪ್ಟರ್‌ಗಳ ನಡುವೆಯೇ ಆರಿಸುವಾಗ ಅವು ಕ್ರಮಿಸುವ ದೂರಕ್ಕಿಂತ, ಒಳಗೆ ಎಷ್ಟು ಪರದೆ, ಎಷ್ಟು ಜನ ಎಂದು ನಾನು ಮೊದಲು ಕೇಳುತ್ತೇನೆ.

ಈಗ ಗಂಟೆಗಳ ಲೆಕ್ಕ. ಕಮೋವ್-31 ಒಮ್ಮೆ ಹಾರಿದರೆ ಆಕಾಶದಲ್ಲಿರುವುದು ಸುಮಾರು ಎರಡೂವರೆ ಗಂಟೆ. ಏರಲು, ಇಳಿಯಲು ಬೇಕಾದದ್ದನ್ನು ಕಳೆದರೆ ನೌಕೆಯ ಹತ್ತಿರವೇ ನಿಂತರೂ ಕಾವಲಿಗೆ ಸಿಗುವುದು ಎರಡು ಗಂಟೆ. ದಿನವಿಡೀ ಕಾಯಲು 12 ಹಾರಾಟ ಬೇಕು. ಗಂಟೆಗೆ 250 ಕಿ.ಮೀ. ಸಾಗುವ ಅದನ್ನು ಹಾಕ್‌ಐಯಂತೆ 320 ಕಿ.ಮೀ. ಮುಂದೆ ಕಳಿಸಿದರೆ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ; ಕಾವಲಿಗೆ ಉಳಿಯುವುದು ಸೊನ್ನೆ. ಹೆಲಿಕಾಪ್ಟರಿಗೂ ವಿಮಾನಕ್ಕೂ ಇರುವ ನಿಜವಾದ ಅಂತರ ಇಲ್ಲಿದೆ. ದಿಗಂತದ ಲೆಕ್ಕದಲ್ಲಿ ಒಂದೂವರೆ ಪಟ್ಟು ಹಿಂದಿರುವ ಹೆಲಿಕಾಪ್ಟರ್, ಮುಂದೆ ಹೋಗಿ ಕಾಯುವ ಶಕ್ತಿಯಲ್ಲಿ ಸ್ಪರ್ಧೆಯಲ್ಲೇ ಇಲ್ಲ. ಅದು ನೌಕೆಯನ್ನು ಕಾಯಬಲ್ಲದು. ನೌಕೆಯಿಂದ ದೂರ ಹೋದ ದಾಳಿಯ ವಿಮಾನಗಳ ಜತೆ ಸಾಗಿ ಅವನ್ನು ನಡೆಸಲಾರದು.

ದಡದಿಂದ ಬರುವ ಕಣ್ಣು

ಶ್ಯಾಕಲ್ಟನ್ ಕಥೆಯನ್ನು ಆಗಲೇ ಹೇಳಿದ್ದಾಗಿದೆ. ಆದರೆ ಎಲ್ಲ ನೌಕೆಗಳೂ 13,000 ಕಿ.ಮೀ. ಆಚೆ ಯುದ್ಧಕ್ಕೆ ಹೋಗುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ದಡದಿಂದ 500–600 ಕಿ.ಮೀ. ಒಳಗೆ ಇರುವ ನೌಕಾಪಡೆಗೆ, ಜೆಟ್ ವಿಮಾನದ ಮೇಲೆ ಕೂತ ದೊಡ್ಡ ರಾಡಾರ್ ಒಂದು ಗಂಟೆಯೊಳಗೆ ಬಂದು ನಿಲ್ಲಬಲ್ಲದು. ಅದೇ ನೌಕಾಪಡೆ 1,500 ಕಿ.ಮೀ. ದೂರ ಹೋದರೆ ಹೋಗಿಬರುವುದಕ್ಕೇ ನಾಲ್ಕು ಗಂಟೆ ಸವೆಯುತ್ತದೆ. ಆಕಾಶದಲ್ಲಿ ಇಂಧನ ಕೊಡುವ ವಿಮಾನವೂ ಬೇಕಾಗುತ್ತದೆ. ಜತೆಗೆ ಆ ವಿಮಾನ ವಾಯುಪಡೆಯದಾಗಿದ್ದರೆ, ಯುದ್ಧದ ಮೊದಲ ವಾರದಲ್ಲಿ ಅದು ನೌಕಾಪಡೆಗೆ ಸಿಗುತ್ತದೆಯೇ ಎಂಬುದು ಕಾಗದದ ಒಪ್ಪಂದಗಳು ತೀರ್ಮಾನಿಸುವ ಸಂಗತಿಯಲ್ಲ.

ಭಾರತದ ವಾಯುಪಡೆಯಲ್ಲಿ ಇಲ್ಯೂಶಿನ್-76 ಮೇಲೆ ಇಸ್ರೇಲಿನ ಫಾಲ್ಕನ್ ರಾಡಾರ್ ಹೊತ್ತ ಮೂರು ವಿಮಾನಗಳಿವೆ. ಮೊದಲನೆಯದು ಬಂದದ್ದು 2009ರಲ್ಲಿ. ಬೆಂಗಳೂರಿನ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ, ಅಂದರೆ ಡಿ.ಆರ್.ಡಿ.ಒ. ಅಂಗವಾದ ಕ್ಯಾಬ್ಸ್, ಬ್ರೆಜಿಲಿನ ಎಂಬ್ರಾಯರ್ ಜೆಟ್ ಮೇಲೆ ರೂಪಿಸಿದ ನೇತ್ರ ವಿಮಾನವನ್ನು 2017ರ ಯಲಹಂಕ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಗೆ ಒಪ್ಪಿಸಲಾಯಿತು. ನೇತ್ರದ ಬೆನ್ನ ಮೇಲಿರುವುದು ತಿರುಗುವ ಗುಮ್ಮಟವಲ್ಲ, ಉದ್ದನೆಯ ತೊಲೆಯಂಥ ಸ್ಥಿರ ಆಂಟೆನಾ. ಎರಡು ಬದಿಗಳಲ್ಲಿ ಸೇರಿ 240 ಡಿಗ್ರಿ ನೋಡುತ್ತದೆ, ನೇರ ಮುಂದೆ ಮತ್ತು ನೇರ ಹಿಂದೆ ನೋಡುವುದಿಲ್ಲ. ಗಡಿಗೆ ಸಮಾಂತರವಾಗಿ ಹಾರುತ್ತ ಒಂದು ಬದಿ ನೋಡುವ ವಾಯುಪಡೆಗೆ ಇದು ಕೊರತೆಯೇ ಅಲ್ಲ. ಯಾವ ದಿಕ್ಕಿನಿಂದಲೂ ಪೆಟ್ಟು ಬರಬಹುದಾದ ನಡುಸಮುದ್ರದ ನೌಕೆಗೆ ಮಾತ್ರ ಗುಮ್ಮಟವೇ ಒಳ್ಳೆಯದು.

ಬೆಂಗಳೂರಿನಲ್ಲಿ ಗುಮ್ಮಟದ ಪ್ರಯತ್ನವೂ ನಡೆದಿತ್ತು. ಆವ್ರೊ ಎಂದೇ ಹೆಸರಾದ ಎಚ್.ಎಸ್.-748 ವಿಮಾನದ ಬೆನ್ನ ಮೇಲೆ ರೋಟೋಡೋಮ್ ಕೂರಿಸಿ ಕ್ಯಾಬ್ಸ್ ಹಲವು ವರ್ಷ ಪರೀಕ್ಷೆ ನಡೆಸಿತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ಗುಮ್ಮಟ ಕಳಚಿ ಬಾಲಕ್ಕೆ ಬಡಿದು ವಿಮಾನ ನೆಲಕ್ಕುರುಳಿತು, ಅದರಲ್ಲಿದ್ದ ಎಂಟೂ ಮಂದಿ ತೀರಿಕೊಂಡರು, ಯೋಜನೆ ನಿಂತಿತು. ಅವರ ಪರಿಣತಿಯನ್ನು ಕಳೆದುಕೊಂಡ ಸಂಸ್ಥೆ ಮತ್ತೆ ಎದ್ದು ನೇತ್ರದ ತನಕ ಬರಲು 18 ವರ್ಷ ಬೇಕಾಯಿತು. ಹಾರುತ್ತಿರುವ ವಿಮಾನದ ಬೆನ್ನಿಗೆ ತಟ್ಟೆ ಕಟ್ಟುವುದು ಹೊರಗಿನಿಂದ ಕಂಡಷ್ಟು ಸರಳವಲ್ಲ.

ಯಾವ ನೌಕೆಗೆ ಯಾವುದು

ಕೆಟಪಲ್ಟ್ ಇರುವ ನೌಕೆಗೆ ಚರ್ಚೆ ಬೇಡ; ಹಾಕ್‌ಐ, ಅದೂ ಇಂಧನ ತುಂಬಿಕೊಳ್ಳಬಲ್ಲ ಇ-2ಡಿ, ನೌಕೆಯಲ್ಲಿ ನಾಲ್ಕಾದರೂ. ಎರಡಕ್ಕೇ ಹಣವಿದ್ದರೆ ಅವನ್ನು ದಾಳಿಯ ಹೊತ್ತಿಗೆ ಉಳಿಸಿಕೊಂಡು, ಉಳಿದ ಹೊತ್ತಿನ ಕಾವಲಿಗೆ ಕೆಲವು ರಾಡಾರ್ ಹೆಲಿಕಾಪ್ಟರ್ ಸೇರಿಸಿಕೊಳ್ಳುವುದು ಜಾಣತನ.

ಸ್ಕೀ-ಜಂಪ್ ನೌಕೆ ಸ್ವಂತ ದಡದ ಆಸರೆಯಲ್ಲಿ ದುಡಿಯುವುದಾದರೆ ಹೆಲಿಕಾಪ್ಟರ್ ಮತ್ತು ದಡದ ವಿಮಾನದ ಜೋಡಿ ಸಾಕು. ಇಲ್ಲಿ ಹಣ ಹಾಕಬೇಕಾದದ್ದು ಹೊಸ ಯಂತ್ರಕ್ಕಿಂತ ಇವೆರಡೂ ನೌಕೆಯೂ ಒಂದೇ ಚಿತ್ರವನ್ನು ನೋಡುವಂತೆ ಮಾಡುವ ಡೇಟಾ ಕೊಂಡಿಗೆ. ಅದೇ ನೌಕೆ ದೂರದ ಸಮುದ್ರಕ್ಕೆ ಹೋಗುವುದಾದರೆ ಹೆಲಿಕಾಪ್ಟರ್‌ಗಳ ಸಂಖ್ಯೆಯೇ ಎಲ್ಲ. ಒಂದು ಹೆಲಿಕಾಪ್ಟರ್ ದಿನಕ್ಕೆ ಮೂರು ಸಲ ಹಾರುತ್ತದೆಂದು ಉದಾರವಾಗಿ ಹಿಡಿದರೂ 12 ಹಾರಾಟಕ್ಕೆ ಸುಸ್ಥಿತಿಯ ನಾಲ್ಕು ಬೇಕು, ದುರಸ್ತಿಯ ಪಾಲು ಸೇರಿದರೆ ಆರು. ಎರಡು ವಿಮಾನವಾಹಕ ನೌಕೆಗಳೂ ಕೆಲವು ಯುದ್ಧನೌಕೆಗಳೂ ಹಂಚಿಕೊಳ್ಳಬೇಕಾದ 14 ಕಮೋವ್‌ಗಳು ಸಾಲವು ಎಂಬುದು ಇದರಿಂದಲೇ ಹೊರಡುತ್ತದೆ. ಇನ್ನೂ 10 ಕೊಳ್ಳಲು ರಕ್ಷಣಾ ಸಚಿವಾಲಯ 2019ರಲ್ಲಿ ಒಪ್ಪಿಗೆ ಕೊಟ್ಟದ್ದರ ಹಿಂದೆ ಇಂಥದೇ ಲೆಕ್ಕವಿರಬೇಕು.

ಹೊಸ ನೌಕೆಯ ನಕ್ಷೆ ಇನ್ನೂ ಮೇಜಿನ ಮೇಲಿರುವ ದೇಶಕ್ಕೆ ಹೇಳಬೇಕಾದದ್ದು ಬೇರೆ. ಭಾರತದ ಮೂರನೆಯ ವಿಮಾನವಾಹಕ ನೌಕೆಯ ಚರ್ಚೆಯಲ್ಲಿ ಕೆಟಪಲ್ಟ್ ಇರುವ 65,000 ಟನ್ನಿನ ನೌಕೆಯೇ, ವಿಕ್ರಾಂತ್‌ನಂತೆ 45,000 ಟನ್ನಿನ ಸ್ಕೀ-ಜಂಪ್ ನೌಕೆಯೇ ಎಂಬ ವಾದ ಬಹುಕಾಲದಿಂದಿದೆ. ಆ ವಾದ ಸಾಮಾನ್ಯವಾಗಿ ಯುದ್ಧವಿಮಾನ ಎಷ್ಟು ಬಾಂಬು ಹೊತ್ತು ಏರಬಲ್ಲದು ಎಂಬುದರ ಮೇಲೆ ನಡೆಯುತ್ತದೆ. ಸ್ಕೀ-ಜಂಪ್‌ನಿಂದ ಯುದ್ಧವಿಮಾನ ಹೇಗೋ ಏರುತ್ತದೆ, ಸ್ವಲ್ಪ ಕಡಿಮೆ ಭಾರ ಹೊತ್ತು. ಏರಲಾಗದೆ ಉಳಿಯುವುದು ಮುನ್ನೆಚ್ಚರಿಕೆ ವಿಮಾನ ಒಂದೇ. ಆದುದರಿಂದ ಕೆಟಪಲ್ಟಿನ ಬೆಲೆಯನ್ನು ಆ ವಿಮಾನದ ಖಾತೆಗೆ ಬರೆದು, ಅದರ ಬದಲು ಆರೇಳು ಹೆಲಿಕಾಪ್ಟರ್ ಹೆಚ್ಚಿಗೆ ಹೊತ್ತರೆ ಆಗುವ ವೆಚ್ಚ, ಹ್ಯಾಂಗರಿನ ಜಾಗ, ಅವುಗಳ ಪೈಲಟ್‌ಗಳ ಸಂಖ್ಯೆ ಇವನ್ನು ಎದುರಿಗಿಟ್ಟು ತೂಗಬೇಕು. ನೌಕೆ ದಡದಿಂದ ಸಾವಿರ ಕಿ.ಮೀ. ದಾಟುವುದು ಅಪರೂಪವೆಂದು ನೌಕಾಪಡೆಯೇ ಒಪ್ಪಿದರೆ ಹೆಲಿಕಾಪ್ಟರಿನ ಪಕ್ಷ ಗೆಲ್ಲುತ್ತದೆ. ಮಲಕ್ಕಾದ ಆಚೆಗೋ ಆಫ್ರಿಕಾದ ಕರಾವಳಿಗೋ ಹೋಗುವ ಉದ್ದೇಶವಿದ್ದರೆ ಗೆಲ್ಲುವುದಿಲ್ಲ.

ಮಾನವರಹಿತ ವಿಮಾನಕ್ಕಾಗಿ ಕಾಯೋಣ ಎನ್ನುವವರೂ ಇದ್ದಾರೆ. 2023ರ ನವೆಂಬರ್‌ನಲ್ಲಿ ಮೊಹಾವೆ ಎಂಬ ಅಮೆರಿಕದ ಮಾನವರಹಿತ ವಿಮಾನ, ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ನೌಕೆಯ ಡೆಕ್ಕಿನಿಂದ ಕೆಟಪಲ್ಟೂ ಇಲ್ಲದೆ, ತಡೆತಂತಿಯೂ ಇಲ್ಲದೆ ಏರಿ ಇಳಿಯಿತು. ಗಂಟೆಗಟ್ಟಲೆ ಆಕಾಶದಲ್ಲಿ ಉಳಿಯುವ ಅಂಥ ಯಂತ್ರ ರಾಡಾರ್ ಹೊತ್ತರೆ ಹೆಲಿಕಾಪ್ಟರಿನ ದೊಡ್ಡ ಕೊರತೆ ನೀಗುತ್ತದೆ. ಆದರೆ ಅದು ಕೂಡ ಕಮೋವ್-31ರಂತೆ ಹಾರುವ ಕಂಬವೇ ಆಗಿರುತ್ತದೆ. ನೋಡಿದ್ದೆಲ್ಲ ಕೊಂಡಿಯ ಮೂಲಕ ನೌಕೆಗೆ ಬರಬೇಕು, ಎದುರಾಳಿ ಮೊದಲು ಕಡಿಯಲು ನೋಡುವುದೂ ಆ ಕೊಂಡಿಯನ್ನೇ. ಅದರ ರಾಡಾರಿನ ತೂಕವನ್ನೂ ಅದಕ್ಕೆ ಬೇಕಾದ ವಿದ್ಯುತ್ತನ್ನೂ ಆ ಹಗುರ ಒಡಲು ತಾಳಿಕೊಳ್ಳುತ್ತದೆಯೇ ಎಂಬುದು ಸಮುದ್ರದಲ್ಲಿ ರುಜುವಾತಾಗುವ ತನಕ, ಇರುವ ಹೆಲಿಕಾಪ್ಟರ್‌ಗಳ ಖರೀದಿಯನ್ನು ಅದರ ಹೆಸರಿನಲ್ಲಿ ಮುಂದೂಡಬಾರದು. 1978ರಲ್ಲಿ ಗ್ಯಾನೆಟ್ಟನ್ನು ಬದಲಿಯಿಲ್ಲದೆ ಇಳಿಸಿದ ಬ್ರಿಟನ್ನಿಗೆ ಸಿಕ್ಕ ಬಿಡುವು ನಾಲ್ಕು ವರ್ಷವೂ ಇರಲಿಲ್ಲ.